ಪೆಂಟಸೀನ್ ಫಿಲ್ಮ್‌ಗೆ ಓಟಿಎಸ್ ಬೇಕಾ, ಎಚ್‌ಎಂಡಿಎಸ್ ಸಾಕಾ?

ಶಿವಮೊಗ್ಗದ ಮಳೆಗಾಲದಲ್ಲಿ, ಗ್ಲವ್ ಬಾಕ್ಸ್ (ತೇವ ಒಳಗೆ ಬಾರದ ಮುಚ್ಚಿದ ಪೆಟ್ಟಿಗೆ) ಇಲ್ಲದ ಲ್ಯಾಬಿನಲ್ಲಿ ಪೆಂಟಸೀನ್ ಎಂಬ ಸಾವಯವ ಅರೆವಾಹಕದ ಟ್ರಾನ್ಸಿಸ್ಟರ್ ಮಾಡ್ತಿದ್ದೀರಾ? ಪೆಂಟಸೀನ್ ಹಾಕುವ ಮೊದಲು ವೇಫರ್‌ಗೆ (ಸಿಲಿಕಾನ್ ಬಿಲ್ಲೆಗೆ) ತೆಳು ಪದರ ಕೊಡುವ ರಾಸಾಯನಿಕಗಳು ಓಟಿಎಸ್, ಎಚ್‌ಎಂಡಿಎಸ್. ಹಾಗಾದರೆ ಎಚ್‌ಎಂಡಿಎಸ್ ತಗೊಳ್ಳಿ. ನಾನು ಎರಡನ್ನೂ ತರಿಸಿ ಬಳಸಿದ್ದೇನೆ, ಓಟಿಎಸ್ ಬಾಟಲಿಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡರ ಕೆಲಸವೂ ಒಂದೇ. ವೇಫರ್ ಮೇಲಿನ ಆಕ್ಸೈಡ್ ತುಂಬ ಓಎಚ್ ಗುಂಪುಗಳಿರುತ್ತವೆ, ಅವು ಓಡುವ ಚಾರ್ಜನ್ನು ಹಿಡಿದು ಕೂರಿಸುತ್ತವೆ. ಅವನ್ನು ಮುಚ್ಚಬೇಕು. ಪೆಂಟಸೀನ್ ಅಣು ಮಾತ್ರ ಬರೀ ಆಕ್ಸೈಡ್ ಮೇಲೂ ತೋಟದ ಅಡಿಕೆ ಮರದ ಹಾಗೆ ನೆಟ್ಟಗೇ ನಿಲ್ಲುತ್ತದೆ, ಚಾರ್ಜ್ ಅಕ್ಕಪಕ್ಕಕ್ಕೆ ದಾಟಲು ನಮಗೆ ಬೇಕಾದ್ದೂ ಅದೇ. ಶುದ್ಧ ಚಿನ್ನದ ಮೇಲೆ ಹಾಕಿದರೆ ಮಲಗಿಬಿಡುತ್ತದೆ, ಲೋಹ ಅದನ್ನು ಅಷ್ಟು ಬಲವಾಗಿ ಎಳೆಯುತ್ತದೆ.

ಓಟಿಎಸ್‌ನ ತಲೆನೋವು ತೇವ. ಅದರ ಒಂದೊಂದು ಸಿಲಿಕಾನ್‌ಗೂ ಮೂರು ಕ್ಲೋರಿನ್. ನೀರು ಸೋಕಿದರೆ ಮೂರೂ ಕಳಚುತ್ತವೆ, ಅಣುಗಳು ವೇಫರ್ ಬಿಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಂತ ನೀರೇ ಇಲ್ಲದಿದ್ದರೂ ಆಗಲ್ಲ, ಪದರ ಚೆನ್ನಾಗಿ ಕೂರಲು ಮೇಲ್ಮೈಯಲ್ಲಿ ಒಂಚೂರು ತೇವ ಇರಲೇಬೇಕು. ಆಷಾಢದಲ್ಲಿ ಆ ಒಂಚೂರನ್ನು ಎಲ್ಲಿಂದ ಅಳೆದು ಕೊಡೋದು? ಮುಚ್ಚಳ ತೆಗೆದ ಕೂಡಲೇ ಆಮ್ಲದ ಹೊಗೆ ಏಳುತ್ತಿತ್ತು, ಆಮೇಲೆ ಬಾಟಲಿಯ ಕತ್ತಿನಲ್ಲೇ ಬಿಳಿ ಪುಡಿ ಕಟ್ಟಿತು. ಓಟಿಎಸ್ ಕರಗಿಸುವ ಟಾಲ್ಯೂಯಿನ್ ಎಷ್ಟೇ ಒಣಗಿಸಿದರೂ ವೇಫರ್ ಮೇಲೆ ಬಿಳಿ ಚುಕ್ಕೆಗಳು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅಂಥ ಒರಟು ಜಾಗದಲ್ಲಿ ಪೆಂಟಸೀನ್ ಹರಳು ದೊಡ್ಡದಾಗಿ ಬೆಳೆಯಲ್ಲ.

ಎಚ್‌ಎಂಡಿಎಸ್‌ಗೆ ಈ ರಗಳೆ ಇಲ್ಲ. ಅದರ ಸಿಲಿಕಾನ್‌ಗೆ ಹಿಡಿಯಲು ಇರುವುದು ಒಂದೇ ಕೈ, ಮೇಲ್ಮೈಗೆ ಅಂಟಿದ ಮೇಲೆ ಮುಗೀತು, ಗಂಟು ಕಟ್ಟೋಕೆ ದಾರಿಯೇ ಇಲ್ಲ. ಡೆಸಿಕೇಟರ್‌ನಲ್ಲಿ (ಗಾಳಿಯಾಡದ ಮುಚ್ಚಿದ ಪಾತ್ರೆಯಲ್ಲಿ) ವೇಫರ್ ಪಕ್ಕ ನಾಲ್ಕು ಹನಿ ಇಟ್ಟು ರಾತ್ರಿ ಬಿಟ್ಟರೆ ಸಾಕು, ಉಳಿದದ್ದು ಆವಿಯಾಗಿ ಹೋಗುತ್ತದೆ. ಅಮೋನಿಯಾ ವಾಸನೆ ಬರುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ, ಫ್ಯೂಮ್ ಹುಡ್ ಬಿಟ್ಟು ಹೊರಗೆ ತೆರೆಯಬೇಡಿ.

ಎಕ್ಸ್‌ಆರ್‌ಡಿಯಲ್ಲಿ (ಹರಳಿನ ಪದರಗಳ ಅಂತರ ಅಳೆಯುವ ಎಕ್ಸ್‌-ರೇ ಪರೀಕ್ಷೆ) ಎರಡಕ್ಕೂ ಪೀಕ್ 5.7 ಡಿಗ್ರಿ ಹತ್ತಿರವೇ ಬಂತು, ಅಂದರೆ ಪದರದ ಎತ್ತರ ಸುಮಾರು 15.4 ಆಂಗ್‌ಸ್ಟ್ರಾಮ್. ಅಣುವಿನ ಉದ್ದವೂ ಹೆಚ್ಚುಕಮ್ಮಿ ಅಷ್ಟೇ, ಹಾಗಾಗಿ ಎರಡರಲ್ಲೂ ಅದು ನಿಂತೇ ಇದೆ.

ನುಣುಪಾಗಿ ಕೂತ ಓಟಿಎಸ್ ನೀರನ್ನು ಜಾಸ್ತಿ ದೂರ ತಳ್ಳುತ್ತದೆ, ಮೊಬಿಲಿಟಿಯೂ (ಚಾರ್ಜ್ ಎಷ್ಟು ಸಲೀಸಾಗಿ ಓಡುತ್ತದೆ ಅನ್ನೋದು) ಚೆನ್ನಾಗಿ ಬರುತ್ತದೆ, ಅದನ್ನು ಒಪ್ಪುತ್ತೇನೆ. ಗ್ಲವ್ ಬಾಕ್ಸ್ ಇರುವವರು ಅದನ್ನೇ ಹಾಕಿ. ನನ್ನ ಬಜೆಟ್‌ನಲ್ಲಿ ಅದು ಬರಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ನಿಲ್ಲಿಸೋಕೂ ಆಗಲ್ಲ. ಮುಂದಿನ ಆರ್ಡರ್‌ನಲ್ಲಿ ಎಚ್‌ಎಂಡಿಎಸ್ ಮಾತ್ರ ಬರೆದಿದ್ದೇನೆ.