ಎಂದೂ ಕಮಿಟ್ ಆಗದ ಟೆಸ್ಟ್‌ಗಳು: ಜಾಂಗೋದ ಟೆಸ್ಟ್‌ಕೇಸ್ ಬಳಸಿ ಕಂಡದ್ದು

ಮೊದಲು ನಾನಿದ್ದ ಟೀಮ್‌ನಲ್ಲಿ ಪ್ರತಿ ಟೆಸ್ಟ್ ಮುಗಿದ ಮೇಲೆ ಡೇಟಾಬೇಸ್‌ನ ಟೇಬಲ್‌ಗಳನ್ನು ಖಾಲಿ ಮಾಡುವ ಸ್ಕ್ರಿಪ್ಟ್ ಒಂದಿತ್ತು. ಹೊಸ ಟೇಬಲ್ ಬಂದಾಗ ಅದರ ಹೆಸರನ್ನೂ ಅಲ್ಲಿ ಬರೆಯಬೇಕು. ಯಾರೋ ಮರೆತರೆ ಹಳೇ ಸಾಲುಗಳು ಉಳಿದು ಬೇರೆಲ್ಲೋ ಒಂದು ಟೆಸ್ಟ್ ಫೇಲ್ ಆಗುತ್ತಿತ್ತು. ಅದನ್ನೊಂದೇ ಓಡಿಸಿದರೆ ಪಾಸ್. ಹಾಗೆ ಕಳೆದ ಸಂಜೆಗಳ ಲೆಕ್ಕವೇ ಇಲ್ಲ. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜಾಂಗೋಗೆ ಬಂದ ಮೇಲೆ ಆ ಕಾಟ ತಪ್ಪಿತು. ಅದಕ್ಕೇ ಇದರ ಟೆಸ್ಟ್‌ಕೇಸ್ ಕ್ಲಾಸ್ ಬಗ್ಗೆ ಬರೆಯಬೇಕೆನಿಸಿತು.

ಇದರ ಕೆಲಸ ಸರಳ. ಇಡೀ ಕ್ಲಾಸಿಗೆ ಹೊರಗಿನ ಒಂದು ಅಟಾಮಿಕ್ ಬ್ಲಾಕ್ (ಒಳಗಿನ ಬದಲಾವಣೆಗಳೆಲ್ಲ ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಟ್ರಾನ್ಸಾಕ್ಷನ್), ಅದರೊಳಗೆ ಪ್ರತಿ ಟೆಸ್ಟ್‌ಗೂ ಇನ್ನೊಂದು. ಟೆಸ್ಟ್ ಮುಗಿದ ಕೂಡಲೇ ಒಳಗಿನದು ರೋಲ್‌ಬ್ಯಾಕ್, ಅಂದರೆ ಮಾಡಿದ್ದೆಲ್ಲ ರದ್ದು; ಅಳಿಸುವ ಗೊಡವೆಯೇ ಇಲ್ಲ. ಎಲ್ಲ ಟೆಸ್ಟ್‌ಗೂ ಬೇಕಾದ ಗ್ರಾಹಕರು, ಸಾಮಾನುಗಳನ್ನು ಸೆಟಪ್‌ಟೆಸ್ಟ್‌ಡೇಟಾದಲ್ಲಿ ಒಮ್ಮೆ ಸೃಷ್ಟಿಸಿದರೆ ಸಾಕು. ಜಾಂಗೋ 1.8ರಲ್ಲಿ ಬಂದ ಈ ಸೌಲಭ್ಯವೊಂದರಿಂದಲೇ ನಮ್ಮ ಟೆಸ್ಟ್‌ಗಳು ಕಣ್ಣಿಗೆ ಕಾಣುವಷ್ಟು ಬೇಗ ಮುಗಿಯತೊಡಗಿದವು.

ಆದರೆ ಇಲ್ಲಿ ಯಾವುದೂ ನಿಜಕ್ಕೂ ಕಮಿಟ್ ಆಗುವುದಿಲ್ಲ, ಅಂದರೆ ಡೇಟಾಬೇಸ್‌ನಲ್ಲಿ ಖಾಯಂ ಆಗುವುದಿಲ್ಲ. ಇದರ ಅರ್ಥ ನನಗೆ ಪೂರ್ತಿ ತಿಳಿದದ್ದು ಪ್ರೊಡಕ್ಷನ್‌ನಲ್ಲಿ. ಆರ್ಡರ್ ಸೇವ್ ಆದ ಮೇಲೆ ಇಮೇಲ್ ಹೋಗಲಿ ಎಂದು, ಕಮಿಟ್ ಆದ ಮೇಲಷ್ಟೇ ಫಂಕ್ಷನ್ ಓಡಿಸುವ ಆನ್‌ಕಮಿಟ್‌ಗೆ ಒಂದು ಫಂಕ್ಷನ್ ಕೊಟ್ಟಿದ್ದೆ. ಅದರೊಳಗೆ ಒಂದು ಫೀಲ್ಡ್ ಹೆಸರಿನಲ್ಲಿ ಅಕ್ಷರ ತಪ್ಪಿತ್ತು. ಟೆಸ್ಟ್‌ಗಳೆಲ್ಲ ಹಸಿರು, ಏಕೆಂದರೆ ಆ ಫಂಕ್ಷನ್ ಅಲ್ಲಿ ಒಮ್ಮೆಯೂ ಓಡಿರಲೇ ಇಲ್ಲ. ನಿಜವಾದ ಸರ್ವರ್‌ನಲ್ಲಿ ಕಮಿಟ್ ಆಯಿತು, ಆರ್ಡರ್ ಉಳಿಯಿತು, ಆಮೇಲೆ ಫಂಕ್ಷನ್ ಬಿತ್ತು. ಗ್ರಾಹಕರಿಗೆ ಕಂಡದ್ದು ಎರರ್ ಪುಟ. ಅವರು ಮತ್ತೆ ಬಟನ್ ಒತ್ತಿದರು, ಎರಡನೇ ಆರ್ಡರೂ ಸೇವ್ ಆಯಿತು. ಅವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ಕ್ಷಮೆ ಕೇಳಿದ್ದು ಇಂದಿಗೂ ನೆನಪಿದೆ.

2021ರ 3.2 ಆವೃತ್ತಿಯಲ್ಲಿ ಇದಕ್ಕೆಂದೇ ಕ್ಯಾಪ್ಚರ್‌ಆನ್‌ಕಮಿಟ್‌ಕಾಲ್‌ಬ್ಯಾಕ್ಸ್ ಬಂತು. ಅದಕ್ಕೆ ಎಕ್ಸಿಕ್ಯೂಟ್ ಟ್ರೂ ಎಂದು ಕೊಟ್ಟರೆ ಮಾತ್ರ ಕಾಲ್‌ಬ್ಯಾಕ್‌ಗಳು, ಅಂದರೆ ಆನ್‌ಕಮಿಟ್‌ಗೆ ಕೊಟ್ಟ ಫಂಕ್ಷನ್‌ಗಳು, ಓಡುತ್ತವೆ; ಇಲ್ಲದಿದ್ದರೆ ಸುಮ್ಮನೆ ಪಟ್ಟಿ ಸಿಗುತ್ತದೆ. ಓಡಿಸುವುದೇ ಡೀಫಾಲ್ಟ್ ಆಗಿರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ತೊಡಕಿಗೆ ಹೊಸಬರೆಲ್ಲ ಸಿಕ್ಕಿಬೀಳುತ್ತಾರೆ. ಒಂದೇ ಇಮೇಲ್‌ನಲ್ಲಿ ಎರಡು ಖಾತೆ ತೆರೆದರೆ ಇಂಟೆಗ್ರಿಟಿ ಎರರ್ ಬರಬೇಕು ಎಂದು ಟೆಸ್ಟ್ ಬರೆಯುತ್ತಾರೆ, ಅದು ಬರುತ್ತದೆ ಕೂಡ. ಮುಂದಿನ ಸಾಲಿನಲ್ಲಿ ಖಾತೆಗಳನ್ನು ಎಣಿಸಲು ಹೋದರೆ, ಅಟಾಮಿಕ್ ಬ್ಲಾಕ್ ಮುಗಿಯುವ ತನಕ ಕ್ವೆರಿ ಮಾಡುವಂತಿಲ್ಲ ಎಂಬ ಎರರ್. ಟ್ರಾನ್ಸಾಕ್ಷನ್ ಆಗಲೇ ಕೆಟ್ಟಿರುತ್ತದೆ. ತಪ್ಪಾಗಬೇಕಾದ ಆ ಒಂದು ಸಾಲನ್ನು ಅದರದೇ ಅಟಾಮಿಕ್ ಬ್ಲಾಕಿನಲ್ಲಿಟ್ಟರೆ ಆ ಬ್ಲಾಕಿನ ಆರಂಭದಲ್ಲಿ ಗುರುತಿಟ್ಟ ಸೇವ್‌ಪಾಯಿಂಟ್ ತನಕ ಮಾತ್ರ ಹಿಂದೆ ಹೋಗುತ್ತದೆ, ಉಳಿದ ಟೆಸ್ಟ್ ಮುಂದುವರಿಯುತ್ತದೆ. ಅಂದಹಾಗೆ, ಮೊದಲ ಸಾಲಿನ ಐಡಿ 1 ಎಂದು ಎಲ್ಲೂ ನಂಬಬೇಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಐಡಿ ಕೊಡುವ ಸೀಕ್ವೆನ್ಸ್ ರೋಲ್‌ಬ್ಯಾಕ್ ಆದರೂ ಹಿಂದೆ ಹೋಗುವುದಿಲ್ಲ.

ಲಾಕ್ ಪರೀಕ್ಷಿಸಲು ಮಾತ್ರ ಈ ಕ್ಲಾಸ್ ಬೇಡ. ಸಾಲುಗಳನ್ನು ಬೇರೆಯವರು ಬದಲಿಸದಂತೆ ಲಾಕ್ ಮಾಡುವ ಸೆಲೆಕ್ಟ್ ಫಾರ್ ಅಪ್‌ಡೇಟ್, ಟ್ರಾನ್ಸಾಕ್ಷನ್ ಒಳಗೇ ನಡೆಯಬೇಕು. ನಿಮ್ಮ ಕೋಡ್‌ನಲ್ಲಿ ಅಟಾಮಿಕ್ ಹಾಕಲು ಮರೆತಿದ್ದರೂ, ಹೊರಗೆ ಟೆಸ್ಟ್‌ಕೇಸ್‌ನ ಬ್ಲಾಕ್ ಇರುವುದರಿಂದ ಟೆಸ್ಟ್ ಪಾಸ್ ಆಗಿಬಿಡುತ್ತದೆ. ಅದಕ್ಕೆ ಟ್ರಾನ್ಸಾಕ್ಷನ್‌ಟೆಸ್ಟ್‌ಕೇಸ್ ಬೇಕು. ಅಲ್ಲಿ ಕಮಿಟ್ ನಿಜವಾಗಿ ಆಗುತ್ತದೆ, ಪ್ರತಿ ಟೆಸ್ಟ್ ಆದ ಮೇಲೆ ಟೇಬಲ್‌ಗಳೆಲ್ಲ ಖಾಲಿಯಾಗುತ್ತವೆ, ಆದ್ದರಿಂದ ನಿಧಾನ. ಟೇಬಲ್‌ಗಳನ್ನು ರೂಪಿಸುವ ಮೈಗ್ರೇಷನ್‌ನಲ್ಲಿ ತುಂಬಿದ ಡೇಟಾ ಕೂಡ ಹೋಗುತ್ತದೆ, ಎಚ್ಚರ. ನಮ್ಮಲ್ಲಿ ಸ್ಟಾಕ್ ಕಡಿತ ಮತ್ತು ಹಣ ವರ್ಗಾವಣೆಯ ಟೆಸ್ಟ್‌ಗಳನ್ನಷ್ಟೇ ಅದರಲ್ಲಿ ಬರೆದು ಬೇರೆ ಫೋಲ್ಡರ್‌ನಲ್ಲಿಟ್ಟಿದ್ದೇವೆ. ಮಿಕ್ಕದ್ದೆಲ್ಲ ಟೆಸ್ಟ್‌ಕೇಸ್‌ನಲ್ಲೇ ಇದೆ.