ಒಣ ಸದ್ದಿನ ಕಪ್ಪು ಹೈ-ಹ್ಯಾಟ್: ನಾಲ್ಕು ವರ್ಷ ನುಡಿಸಿದ ಮೇಲೆ

ಹೈ-ಹ್ಯಾಟ್ ಅಂದರೆ ಡ್ರಮ್ ಸೆಟ್ಟಿನಲ್ಲಿ ಒಂದರ ಮೇಲೊಂದು ಇಟ್ಟು, ಪೆಡಲ್ ತುಳಿದು ಕೂಡಿಸುವ ಎರಡು ಲೋಹದ ತಟ್ಟೆ, ಅಂದರೆ ಸಿಂಬಲ್. ನಾಲ್ಕು ವರ್ಷದ ಹಿಂದೆ ಈ 14 ಇಂಚಿನ ಜೋಡಿಯನ್ನು ಮುಂಬೈ ಪಕ್ಕದ ಡೊಂಬಿವಲಿಯ ಮನೆಗೆ ತಂದಾಗ ಅಮ್ಮ ಕೇಳಿದ್ದು, "ಇದೆಂತದು ಮಗಾ, ಹಳತಾ?" ನೋಡಿದರೆ ಹಾಗೇ ಅನಿಸುತ್ತದೆ. ಹೊಳಪಿಲ್ಲ. ಬಾಣಲೆಯ ತಳದಂಥ ಕಂದುಗಪ್ಪು ಬಣ್ಣ, ಮೈತುಂಬ ಸುತ್ತಿಗೆ ಏಟಿನ ಗುಳಿಗಳು. ಬೆರಳಾಡಿಸಿದರೆ ಒಂದು ಗುಳಿಯ ಆಳ ಇನ್ನೊಂದಕ್ಕಿಲ್ಲ.

ಇಸ್ತಾಂಬುಲ್‌ನಲ್ಲಿ ಕೈಯಿಂದ ಬಡಿದು ಮಾಡಿದ್ದು. ಲೋಹ ನಮ್ಮ ಕಂಚೇ, ಸುಮಾರು 80 ಭಾಗ ತಾಮ್ರ, 20 ಭಾಗ ತವರ. ಊರಿನ ದೇವಸ್ಥಾನದ ಜಾಗಟೆಗೆ ಹತ್ತಿರದ ನೆಂಟ ಅನ್ನಬಹುದು. ಮಾಮೂಲಿ ಸಿಂಬಲ್ ಆದರೆ ಕೊನೆಗೆ ಲೇಥ್‌ಗೆ ಹಾಕಿ ಮೇಲಿನ ಕಪ್ಪು ಪದರವನ್ನು ಕೆರೆದು ತೆಗೆಯುತ್ತಾರೆ, ಆಗ ಹೊಳಪೂ ಬರುತ್ತದೆ, ಸದ್ದೂ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಆ ಪದರ ಹಾಗೇ ಇದೆ. ಅದೂ ಆಳದ ಗುಳಿಗಳೂ ಸೇರಿ ಲೋಹದ ನಡುಕವನ್ನು ಬೇಗ ಅಡಗಿಸುತ್ತವೆ.

ಹಳೇ ಜೋಡಿಗೆ ಸ್ಟಿಕ್ ತಾಗಿಸಿದರೆ ಸದ್ದು ಕಿವಿಯಲ್ಲೇ ಉಳಿಯುತ್ತಿತ್ತು. ಇದು 'ಟಿಕ್' ಅಂದು ಮುಗಿಯಿತು. ಪೆಡಲ್ ಸ್ವಲ್ಪ ಸಡಿಲ ಬಿಟ್ಟು ನುಡಿಸಿದರೆ ಮರಳು ಜರಡಿ ಹಿಡಿದ ಹಾಗೆ 'ಸರ್' ಅನ್ನುತ್ತದೆ, ನನಗೆ ಅದೇ ಪ್ರಾಣ. ಮಾಟುಂಗದಲ್ಲಿ ಭಾವಗೀತೆ ಕಾರ್ಯಕ್ರಮಗಳಿಗೆ ನುಡಿಸುವಾಗ ಪಕ್ಕದಲ್ಲೇ ತಬಲಾ ಇರುತ್ತದೆ, ಮೊದಲೆಲ್ಲ ಅದರ ಸಣ್ಣ ಪೆಟ್ಟುಗಳು ನನ್ನ ಹೈ-ಹ್ಯಾಟ್ ಸದ್ದಿನಲ್ಲಿ ಮುಳುಗಿಹೋಗುತ್ತಿದ್ದವು, ಈಗ ಎರಡೂ ಬಿಡಿಬಿಡಿಯಾಗಿ ಕೇಳುತ್ತವೆ. ರೆಕಾರ್ಡಿಂಗ್‌ನಲ್ಲೂ ಪಕ್ಕದ ಸ್ನೇರ್ ಡ್ರಮ್ಮಿನ ಮೈಕಿಗೆ ಇದರ ಸದ್ದು ನುಗ್ಗುವುದು ಕಡಿಮೆ.

ಆದರೆ ಗಣಪತಿ ಪೆಂಡಾಲಿಗೆ ಇದು ಬೇಡ. ಬಯಲಲ್ಲಿ, ಎರಡು ಗಿಟಾರ್ ಮತ್ತು ಕೀಬೋರ್ಡ್ ಮಧ್ಯೆ, ಇದರ ಸದ್ದು ಎದುರಿನ ಸಾಲಿಗೂ ಮುಟ್ಟಲಿಲ್ಲ. ನಾನು ಜಾಸ್ತಿ ಜೋರಾಗಿ ಬಾರಿಸಿದೆ, ಸ್ಟಿಕ್ ಮುರಿಯಿತೇ ಹೊರತು ಸದ್ದು ಏರಲಿಲ್ಲ. ಅಂಥ ಕಡೆಗೆ ಹಳೇ ಜೋಡಿಯನ್ನೇ ಒಯ್ಯುತ್ತೇನೆ.

ಮೊದಮೊದಲು ಪೆಡಲ್ ತುಳಿದಾಗ ಬರುವ 'ಚಿಕ್' ಕೂಡ ಮಂಕಾಗಿತ್ತು. ಸಿಂಬಲ್‌ನದೇ ದೋಷ ಅಂದುಕೊಂಡೆ. ಎರಡು ತಟ್ಟೆಯೂ ಒಂದರ ಮೇಲೊಂದು ಸಮನಾಗಿ ಕೂತು ಮಧ್ಯೆ ಗಾಳಿ ಸಿಕ್ಕಿಬೀಳುತ್ತಿತ್ತು, ಅಷ್ಟೇ. ಕೆಳಗಿನ ತಟ್ಟೆಯಡಿ ಸ್ಟ್ಯಾಂಡಿನಲ್ಲಿ ಒಂದು ಸ್ಕ್ರೂ ಇರುತ್ತದೆ ಅಲ್ವಾ, ಅದನ್ನು ತಿರುಗಿಸಿ ತಟ್ಟೆಯನ್ನು ಸ್ವಲ್ಪ ಓರೆ ಮಾಡಿ. ಸರಿಹೋಗುತ್ತದೆ.

ಮುಂಬೈ ಮಳೆಗಾಲ ಕಂಚಿಗೆ ಒಳ್ಳೆಯದಲ್ಲ. ಎರಡನೇ ವರ್ಷ ಜುಲೈನಲ್ಲಿ ಒದ್ದೆಯಾದ ಚೀಲದಲ್ಲೇ ವಾರ ಬಿಟ್ಟಿದ್ದೆ, ಅಂಚಿನಲ್ಲಿ ಹಸಿರು ಕಿಲುಬು ಎದ್ದಿತ್ತು. ಪೂಜೆಯ ಪಾತ್ರೆ ತೊಳೆಯುತ್ತಿದ್ದ ಅಮ್ಮ ಅದನ್ನೂ ಹುಣಸೆಹಣ್ಣು ಹಾಕಿ ಉಜ್ಜಲು ತೆಗೆದುಕೊಂಡಿದ್ದರು. ಓಡಿಹೋಗಿ ಕಸಿದುಕೊಂಡೆ. ಹುಳಿ ಬಿದ್ದರೆ ಆ ಕಪ್ಪು ಪದರ ಹೋಗುತ್ತದೆ, ಅದಕ್ಕೇ ತಾನೆ ನಾವು ದುಡ್ಡು ಕೊಟ್ಟಿದ್ದು! ಈಗ ನುಡಿಸಿದ ಮೇಲೆ ಪ್ರತಿ ಸಲ ಒಣ ಹತ್ತಿ ಬಟ್ಟೆಯಿಂದ ಬೆವರು ಒರೆಸಿ ಇಡುತ್ತೇನೆ, ಬೇರೇನೂ ಹಚ್ಚುವುದಿಲ್ಲ.

ಕೊಳ್ಳುವವರು ವಿಡಿಯೋ ನೋಡಿ ತರಿಸಬೇಡಿ. ಕೈಕೆಲಸ, ಒಂದೇ ಮಾದರಿಯ ಎರಡು ಜೋಡಿ ಅಂಗಡಿಯಲ್ಲಿ ಬೇರೆ ಬೇರೆಯಾಗೇ ನುಡಿದವು. ನಿಮ್ಮ ಸ್ಟಿಕ್ ಒಯ್ಯಿರಿ, ಮೆಲ್ಲಗೆ ನುಡಿಸಿ ನೋಡಿ.