ಬೈಕ್ ಸ್ಪೀಕರ್ ಕುಂಯ್ ಅಂದ ತಕ್ಷಣ ಹೊಸ ಸ್ಪೀಕರ್ ಕೊಳ್ಳಬೇಡಿ

ಬೈಕಿಗೆ ಆಂಪ್ (ಹಾಡಿನ ಸದ್ದು ಜೋರು ಮಾಡುವ ಆಂಪ್ಲಿಫೈಯರ್), ಸ್ಪೀಕರ್ ಹಾಕಿಸಬೇಕು ಅಂತಿದ್ದೀರಾ? ಹಾಗಿದ್ರೆ ನನ್ನ ದುಡ್ಡು ಹೇಗೆ ಹೋಯ್ತು ಅಂತ ಮೊದಲು ಕೇಳಿ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ಹಾಕಿಸಿದೆ. ಇಂಜಿನ್ ಆಫ್ ಇದ್ದಾಗ ಹಾಡು ಚೆನ್ನಾಗೇ ಬರುತ್ತಿತ್ತು. ಸ್ಟಾರ್ಟ್ ಮಾಡಿದರೆ ಸಾಕು, ಕಿವಿ ಹತ್ತಿರ ಸೊಳ್ಳೆ ಬಂದ ಹಾಗೆ ಕುಂಯ್ ಅನ್ನುವ ಸದ್ದು. ಆಕ್ಸಿಲರೇಟರ್ ತಿರುವಿದಷ್ಟೂ ಅದೂ ಏರುತ್ತಿತ್ತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಹೋಗುತ್ತಿರಲಿಲ್ಲ.

ಅಂಗಡಿಯವನು ವೈರ್ ಮುಟ್ಟಿಯೂ ನೋಡಲಿಲ್ಲ. "ಸಾರ್, ಸ್ಪೀಕರ್ ಹೋಗಿದೆ" ಅಂದ. ಹೊಸ ಜೋಡಿ ಹಾಕಿ ದುಡ್ಡು ತಗೊಂಡ. ಸದ್ದು ಹಾಗೇ ಇತ್ತು. ಆಮೇಲೆ ಆಂಪ್ ಬದಲಾಯಿಸಿದ, ಅದಕ್ಕೂ ದುಡ್ಡು. ಕೊನೆಗೆ "ನಿಮ್ಮ ಗಾಡೀದೇ ಮ್ಯಾಗ್ನೆಟ್ ಕಾಯಿಲ್ ವೀಕು" ಅಂತ ಕೈತೊಳೆದುಕೊಂಡ. ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಕಾಯಿಲ್ ಅದು.

ಮನೆ ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಮೊದಲು ಬ್ಯಾಟರಿಗೆ ಮೀಟರ್ ಹಿಡಿದರು. ಇಂಜಿನ್ ಓಡುವಾಗ 14 ವೋಲ್ಟ್ ಆಸುಪಾಸು. ಕಾಯಿಲ್ ಸರಿಯಾಗೇ ಇದೆ! ಆಮೇಲೆ ಟ್ಯಾಂಕ್ ಬಿಚ್ಚಿದರು. ಆಂಪಿನ ಅರ್ತ್ ವೈರನ್ನು, ಅಂದರೆ ಮೈನಸ್ ವೈರನ್ನು, ಪೇಂಟ್ ಇರುವ ಬ್ರಾಕೆಟ್ ಮೇಲೇ ಬಿಗಿದಿದ್ದಾರೆ, ಕರೆಂಟಿಗೆ ಅಡ್ಡ ಬರುವ ಪೇಂಟ್ ಕೂಡ ಕೆರೆದಿಲ್ಲ. ಪ್ಲಸ್ ವೈರಿಗೆ ಹಾರ್ನ್ ವೈರನ್ನು ಸುಲಿದು, ಸುತ್ತಿ, ಟೇಪ್ ಹಾಕಿದ್ದಾರೆ. ಫ್ಯೂಸ್ ಇಲ್ಲ. ಟೇಪಿನ ಅಂಟು ಬಿಸಿಗೆ ಕರಗಿ ಇಳಿದಿತ್ತು, ಒಳಗೆ ತಾಮ್ರ ಕಪ್ಪಗಾಗಿತ್ತು. ಇದೆಲ್ಲ ಇದ್ದದ್ದು ಪೆಟ್ರೋಲ್ ಟ್ಯಾಂಕ್ ಕೆಳಗೆ. ಸದ್ದು ಹಾಳಾಗಲಿ, ಬೆಂಕಿ ಹತ್ತದಿದ್ದದ್ದೇ ಪುಣ್ಯ.

ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್. ರೆಕ್ಟಿಫೈಯರ್ ಅನ್ನುವ ಭಾಗ ಅದನ್ನು ಒಂದೇ ದಿಕ್ಕಿನ ಡಿಸಿ ಮಾಡಿದರೂ ಒಂಚೂರು ಏರಿಳಿತ ಉಳಿಯುತ್ತದೆ. ಅರ್ತ್ ಸರಿಯಾಗಿ ಕೂರದಿದ್ದರೆ ಆ ಏರಿಳಿತವೇ ಆಂಪ್ ಒಳಗೆ ನುಗ್ಗುತ್ತದೆ. ಎಲೆಕ್ಟ್ರಿಷಿಯನ್ ಎರಡೂ ವೈರನ್ನು ನೇರ ಬ್ಯಾಟರಿಗೆ ಎಳೆದರು, ಪ್ಲಸ್‌ಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕೊಟ್ಟರು, ಕೀ ಆಫ್ ಮಾಡಿದರೆ ಆಂಪ್ ಆಫ್ ಆಗಲಿ ಅಂತ ಒಂದು ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್) ಹಾಕಿದರು. ಕುಂಯ್ ನಿಂತಿತು. ಗಾಡಿಯ ಯುಎಸ್‌ಬಿ ಚಾರ್ಜರಿಗೆ ಫೋನ್ ಹಾಕಿ, ಅದೇ ಫೋನಿಗೆ ಆಕ್ಸ್ ಕೇಬಲ್ (ಫೋನಿನ ಹಾಡನ್ನು ಆಂಪಿಗೆ ಒಯ್ಯುವ ವೈರ್) ಕೊಟ್ಟರೆ ಮಾತ್ರ ಸಣ್ಣಗೆ ಕೇಳುತ್ತಿತ್ತು. ಚಾರ್ಜರ್, ಆಕ್ಸ್ ಎರಡರ ಅರ್ತ್ ಸೇರಿ ಸುತ್ತು ಆಗುವುದನ್ನು ತಪ್ಪಿಸುವ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನು ಆಕ್ಸ್ ಮಧ್ಯೆ ಹಾಕಿದ ಮೇಲೆ ಅದೂ ಹೋಯಿತು. ಹೊಸ ಸ್ಪೀಕರಿನ ಮುಂದೆ ಇದರ ಖರ್ಚು ಏನೇನೂ ಅಲ್ಲ.

ನಿಮ್ಮ ಗಾಡಿಯ ಸದ್ದು ಬೇರೆ ಥರ ಇರಬಹುದು. ಇಂಜಿನ್ ಜೊತೆ ಟಿಕ್ ಟಿಕ್ ಅಂತ ಜೋರಾದರೆ ಸ್ಪಾರ್ಕ್ ಪ್ಲಗ್, ಅದರ ಕ್ಯಾಪ್ ನೋಡಿಸಿ. ಕಿಡಿಯ ಸದ್ದು ಆಂಪಿಗೆ ಸೇರದ ಹಾಗೆ ತಗ್ಗಿಸುವ ರೆಸಿಸ್ಟರ್ ಪ್ಲಗ್ ಬೇಕಾದ ಕಡೆ ಸಾದಾ ಪ್ಲಗ್ ಹಾಕಿರುತ್ತಾರೆ. ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಕರಕರ ಅಂದರೆ ಅಲ್ಲೇ ಎಲ್ಲೋ ವೈರ್ ತುಂಡಾಗಿರುತ್ತದೆ. ಇದ್ಯಾವುದಕ್ಕೂ ಸ್ಪೀಕರ್ ಬದಲಾಯಿಸಬೇಕಿಲ್ಲ, ಅಲ್ವಾ?

ಅಂಗಡಿಯವನು ದುಡ್ಡು ವಾಪಸ್ ಕೊಡಲಿಲ್ಲ, "ಫಿಟ್ ಮಾಡಿದ ಮಾಲು ವಾಪಸಿಲ್ಲ" ಅಂದ. ನೀವು ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಫ್ಯೂಸ್ ಎಲ್ಲಿ, ಅರ್ತ್ ಎಲ್ಲಿ ಅಂತ ಕೇಳಿ. ಹಾರ್ನ್ ವೈರಿಗೆ ಕಟರ್ ಹಾಕೋಕೆ ಬಂದರೆ ಕೀ ತಗೊಂಡು ಬೇರೆ ಅಂಗಡಿ ನೋಡಿಕೊಳ್ಳಿ.